ಬಸುರಿಯಲ್ಲಿ ಬಿಟ್ಟ ಸಿಗರೇಟು ಬಾಣಂತನ ಮುಗಿದ ಮೇಲೆ ಮತ್ತೆ ಬೇಕು ಅನ್ನಿಸುತ್ತಿದೆ, ಬೇರೆ ಯಾರಿಗಾದರೂ ಹೀಗಾಗಿದೆಯಾ?

ಹೊಸತಾಯಿ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಕೇಳುತ್ತಿದ್ದೇನೆ, ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಟೀಮಿನವರ ಜೊತೆ ಟೀ ಅಂಗಡಿಗೆ ಹೋಗಿ ಹೋಗಿ ಸಿಗರೇಟು ಅಭ್ಯಾಸವಾಯಿತು. ಮದುವೆಯಾದ ಮೇಲೂ ಇತ್ತು. ಗಂಡನಿಗೆ ಗೊತ್ತು, ಅವರೂ ಸೇದುತ್ತಾರೆ. ಎರಡೂ ಮನೆಯ ಹಿರಿಯರಿಗೆ ಗೊತ್ತಿಲ್ಲ.

ಬಸುರಿ ಅಂತ ಗೊತ್ತಾದ ಕೂಡಲೇ ಬಿಟ್ಟೆ. ಆಗ ಅಷ್ಟೇನೂ ಕಷ್ಟ ಆಗಲಿಲ್ಲ, ಹೊಗೆ ವಾಸನೆ ಬಂದರೇ ವಾಂತಿ ಬರುತ್ತಿತ್ತು. ಸೀಮಂತ ಮುಗಿಸಿಕೊಂಡು ಶಿವಮೊಗ್ಗಕ್ಕೆ ತವರಿಗೆ ಹೋದೆ. ಅಲ್ಲಿ ಅಮ್ಮ ಯಾವಾಗಲೂ ಜೊತೆಗಿದ್ದರು, ಸಿಗರೇಟಿನ ನೆನಪೂ ಬರಲಿಲ್ಲ. ಹೆರಿಗೆ ಚೆನ್ನಾಗಿ ಆಯಿತು, ಮಗಳು ಆರೋಗ್ಯವಾಗಿದ್ದಾಳೆ. ಈಗ ಬಾಣಂತನ ಮುಗಿಸಿ ಬೆಂಗಳೂರಿಗೆ ಬಂದಿದ್ದೇನೆ. ಬಂದಾಗಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ರಾತ್ರಿ ಮಗುವಿಗೆ ಹಾಲು ಕುಡಿಸಿ ಮಲಗಿಸಿ ಎದ್ದರೆ, ಗಂಡ ಬಾಲ್ಕನಿಯಲ್ಲಿ ನಿಂತಿರುತ್ತಾರೆ, ನನ್ನ ಕಾಲೂ ಆ ಕಡೆಗೇ ಹೋಗುತ್ತದೆ. ಇನ್ನೂ ಸೇದಿಲ್ಲ. ಹೆರಿಗೆ ರಜೆ ಮುಗಿಯುತ್ತಾ ಬಂತು, ಆಫೀಸಿಗೆ ಹೋದರೆ ತಡೆದುಕೊಳ್ಳುವುದು ಕಷ್ಟ ಅನ್ನಿಸುತ್ತಿದೆ.

ಇಷ್ಟು ತಿಂಗಳು ಬೇಡವೇ ಬೇಡ ಅನ್ನಿಸಿದ್ದು ಈಗ್ಯಾಕೆ ಹೀಗೆ? ಅಪರೂಪಕ್ಕೆ ಒಂದು ಸೇದಿದರೆ ಎದೆಹಾಲಿಗೆ ಹೋಗುತ್ತಾ? ಮೆಡಿಕಲ್ ಶಾಪಲ್ಲಿ ಸಿಗುವ ನಿಕೋಟಿನ್ ಗಮ್ ತೆಗೆದುಕೊಳ್ಳಬಹುದಾ? ಡಾಕ್ಟರಿಗೆ ನಾನು ಸೇದುತ್ತಿದ್ದೆ ಅಂತ ಒಮ್ಮೆಯೂ ಹೇಳಿಲ್ಲ, ಅತ್ತೆ ಯಾವಾಗಲೂ ಪಕ್ಕದಲ್ಲೇ ಇರುತ್ತಿದ್ದರು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೆರಿಗೆವಾರ್ಡ್_ಸಿಸ್ಟರ್

ನೋಡಮ್ಮ, ಮೊದಲು ಒಂದು ಮಾತು. ನಿಮಗೆ ಆಗುತ್ತಿರುವುದು ವಿಚಿತ್ರವೇನಲ್ಲ. ಬಸುರಿಯಲ್ಲಿ ಬಿಟ್ಟವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೆರಿಗೆಯಾದ ವರ್ಷದೊಳಗೆ ಮತ್ತೆ ಶುರು ಮಾಡುತ್ತಾರೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ. ಒಂಬತ್ತು ತಿಂಗಳು ಎಲ್ಲರೂ ಬಸುರಿಯ ಹಿಂದೆ ಮುಂದೆ ಇರುತ್ತಾರೆ. ಹೆರಿಗೆಯಾದ ಮೇಲೆ ಎಲ್ಲರ ಗಮನ ಮಗುವಿನ ಕಡೆಗೆ ಹೋಗುತ್ತದೆ, ತಾಯಿಯನ್ನು ನೀನು ಹೇಗಿದ್ದೀಯ ಅಂತ ಕೇಳುವವರೇ ಕಡಿಮೆ. ಅದೇ ಹೊತ್ತಿಗೆ ನಿದ್ದೆ ಇಲ್ಲ, ಮೈ ಸೋತಿರುತ್ತದೆ, ವಾಕರಿಕೆ ಹೋಗಿ ಹೊಗೆ ವಾಸನೆ ಮತ್ತೆ ಹಿತ ಅನ್ನಿಸಲು ಶುರುವಾಗಿರುತ್ತದೆ. ಹೊಟ್ಟೆಯಲ್ಲಿ ಮಗು ಇದೆ ಅನ್ನುವ ಕಾರಣಕ್ಕೆ ಬಿಟ್ಟಿದ್ದು, ಮಗು ಹೊರಗೆ ಬಂತಲ್ಲ ಅಂತ ಮನಸ್ಸು ಲೆಕ್ಕ ಹಾಕುತ್ತದೆ.

ಈಗ ನಿಮ್ಮ ಮೈಗೆ ನಿಕೋಟಿನ್ ಬೇಕಾಗಿಲ್ಲ. ಸಿಗರೇಟು ಬಿಟ್ಟಾಗ ಮೈಗೆ ಆಗುವ ಚಡಪಡಿಕೆ, ಸಿಟ್ಟು, ತಲೆನೋವು ಮೊದಲ ಕೆಲವು ದಿನ ಜೋರಾಗಿರುತ್ತದೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿದುಹೋಗುತ್ತದೆ. ನೀವು ಅದನ್ನು ದಾಟಿ ಎಷ್ಟೋ ತಿಂಗಳಾಯಿತು. ಉಳಿದಿರುವುದು ಜಾಗದ ನೆನಪು. ಆ ಬಾಲ್ಕನಿ, ಆ ಹೊತ್ತು, ಪಕ್ಕದಲ್ಲಿ ಸೇದುವ ಗಂಡ. ಶಿವಮೊಗ್ಗದಲ್ಲಿ ಇದ್ಯಾವುದೂ ಇರಲಿಲ್ಲ, ಅದಕ್ಕೇ ಅಲ್ಲಿ ನೆನಪಾಗಲಿಲ್ಲ. ಬೆಂಗಳೂರಿನ ಮನೆಯೊಳಗೆ ಕಾಲಿಟ್ಟ ಕೂಡಲೇ ಎಲ್ಲಾ ಎದುರು ಬಂತು. ಒಂದು ಸಲ ಎದ್ದ ಆಸೆ ಸಾಮಾನ್ಯವಾಗಿ ಕೆಲವು ನಿಮಿಷ ಇರುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಬಾಲ್ಕನಿ ಬಿಟ್ಟು ಬೇರೆ ಎಲ್ಲಿಗಾದರೂ ಹೋಗಿ, ಮುಖ ತೊಳೆಯಿರಿ, ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ.

ಗಮ್ ವಿಷಯ. ಅದು ಈಗ ಸೇದುತ್ತಿರುವವರು ಬಿಡಲಿಕ್ಕೆ ಬಳಸುವಂಥದ್ದು. ತಿಂಗಳುಗಟ್ಟಲೆ ನಿಕೋಟಿನ್ ಇಲ್ಲದ ಮೈಗೆ ಗಮ್ ಕೊಟ್ಟರೆ ಹೊಸದಾಗಿ ನಿಕೋಟಿನ್ ಕೊಟ್ಟಂತೆ ಅಲ್ವಾ? ಈಗ ನಿಮಗೆ ಬೇಡ.

ಹಾಲಿಗೆ ಹೋಗುತ್ತದೆ, ಖಂಡಿತ. ತಾಯಿಯ ರಕ್ತದಲ್ಲಿ ಇರುವುದಕ್ಕಿಂತ ಹಾಲಿನಲ್ಲಿ ನಿಕೋಟಿನ್ ಜಾಸ್ತಿಯೇ ಇರುತ್ತದೆ, ಒಂದೂವರೆಯಿಂದ ಮೂರು ಪಟ್ಟಿನಷ್ಟು. ದಿನವೂ ಸೇದುವವರಿಗೆ ಹಾಲು ಕಡಿಮೆಯಾಗಬಹುದು, ಮಗುವಿನ ನಿದ್ದೆ ಕೆಡುತ್ತದೆ. ಇದನ್ನು ಓದಿ ಯಾರೂ ಸುಮ್ನೆ ಎದೆಹಾಲು ನಿಲ್ಲಿಸಬೇಡಿ. ಸೇದುವ ತಾಯಿಗೂ ಡಾಕ್ಟರುಗಳು ಹಾಲು ಕೊಡಿ ಅಂತಲೇ ಹೇಳುತ್ತಾರೆ. ಸಿಗರೇಟು ಬಿಡಬೇಕು, ಹಾಲು ಬಿಡಬಾರದು.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಸಿಗರೇಟಿನ ಆಸೆ ಬಿಟ್ಟು ಬೇರೆ ಹೇಗಿದ್ದೀರಿ? ಕಾರಣವಿಲ್ಲದೆ ಅಳು ಬರುವುದು, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಇದೆಯಾ? ಹೆರಿಗೆ ನಂತರದ ಖಿನ್ನತೆ ಇದ್ದವರು ಮತ್ತೆ ಸೇದಲು ಶುರು ಮಾಡುವುದು ಜಾಸ್ತಿ. ಅದನ್ನು ಪತ್ತೆ ಮಾಡಲು ಎಡಿನ್‌ಬರೋ ಸ್ಕೇಲ್ ಅಂತ 10 ಪ್ರಶ್ನೆಗಳ ಪಟ್ಟಿ ಇದೆ, ಕನ್ನಡದಲ್ಲೂ ಇದೆ. ಡಾಕ್ಟರ ಹತ್ತಿರ ಕೇಳಿ.

ಹಳೆಬೇರು

ಹೆಂಗಸರು ಸಿಗರೇಟು ಸೇದುವುದೇ ನಮ್ಮ ಸಂಸ್ಕೃತಿ ಅಲ್ಲ. ಇದಕ್ಕೆ ಸಲಹೆ ಬೇರೆ ಕೇಳುತ್ತಾರೆ. ಮಗುವಿನ ಮುಖ ನೋಡಿದರೂ ಮನಸ್ಸು ಬರುತ್ತಾ? ಮೊದಲು ಮನೆಯವರಿಗೆ ಹೇಳಿ, ಅವರೇ ಸರಿ ಮಾಡುತ್ತಾರೆ.

ಎರಡುಮಕ್ಕಳ_ಅಮ್ಮ

@ಹಳೆಬೇರು ಸರ್, ಅವರು ಬಿಟ್ಟಿದ್ದಾರೆ. ಮತ್ತೆ ಶುರುವಾಗಬಾರದು ಅಂತಲೇ ಕೇಳುತ್ತಿದ್ದಾರೆ. ಅದೇ ಬಾಲ್ಕನಿಯಲ್ಲಿ ಗಂಡ ಸೇದುತ್ತಿದ್ದಾರೆ, ಅವರ ಬಗ್ಗೆ ನೀವು ಒಂದು ಮಾತೂ ಬರೆಯಲಿಲ್ಲ. ಹೀಗೆ ಬೈಯುವವರು ಇರುವುದಕ್ಕೇ ಹೆಂಗಸರು ಡಾಕ್ಟರ ಎದುರು ಕೂತಾಗಲೂ ಬಾಯಿ ಬಿಡುವುದಿಲ್ಲ. ಡಾಕ್ಟರಿಗೆ ಗೊತ್ತಾಗದಿದ್ದರೆ ಮಗುವಿನ ತೂಕ ಯಾಕೆ ಏರುತ್ತಿಲ್ಲ ಅಂತ ಅವರು ಬೇರೆ ಕಡೆ ಹುಡುಕುತ್ತಾ ಕೂರಬೇಕು. ನಷ್ಟ ಯಾರಿಗೆ?

@ಹೊಸತಾಯಿ, ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ಮೊದಲ ಮಗುವಿನ ಹೊತ್ತಿಗೆ ಬಿಟ್ಟಿದ್ದೆ, ಆಫೀಸಿಗೆ ಮರಳಿದ ಮೇಲೆ ನಿಧಾನಕ್ಕೆ ಮತ್ತೆ ಬಂತು. ಎರಡನೇ ಮಗುವಿನ ನಂತರ ಬರಲಿಲ್ಲ. ಎರಡಕ್ಕೂ ನಡುವೆ ಏನು ವ್ಯತ್ಯಾಸ ಅಂತ ತುಂಬಾ ಯೋಚಿಸಿದ್ದೇನೆ. ಮನಸ್ಸು ಗಟ್ಟಿ ಮಾಡಿಕೊಂಡೆ ಅನ್ನುವುದಲ್ಲ, ಎರಡು ಸಲವೂ ಮನಸ್ಸು ಅಷ್ಟೇ ಗಟ್ಟಿ ಇತ್ತು. ಎರಡನೇ ಸಲ ಆಫೀಸಿಗೆ ಹೋಗುವ ಮೊದಲೇ ಏರ್ಪಾಡು ಮಾಡಿಕೊಂಡೆ. ಟೀಮಿನ ಒಬ್ಬ ಗೆಳತಿಗೆ ಮೊದಲೇ ಎಲ್ಲಾ ಹೇಳಿದೆ, ನಾಲ್ಕು ಗಂಟೆಗೆ ಎಲ್ಲರೂ ಕೆಳಗೆ ಹೋಗುವಾಗ ಅವಳು ನನ್ನ ಜೊತೆ ಮೇಲೆ ಉಳಿಯುತ್ತಿದ್ದಳು. ನಾನು ಎದೆಹಾಲು ಪಂಪ್ ಮಾಡುವ ಹೊತ್ತನ್ನು ಸರಿಯಾಗಿ ಆ ನಾಲ್ಕು ಗಂಟೆಗೆ ಇಟ್ಟುಕೊಂಡೆ. ಇದು ನಿಜಕ್ಕೂ ಕೆಲಸ ಮಾಡಿತು. ಕೂತು ಹಾಲು ಹಿಂಡುತ್ತಿರುವಾಗ ಕೆಳಗೆ ಹೋಗಿ ಸೇದಬೇಕು ಅಂತ ಅನ್ನಿಸುವುದಿಲ್ಲ, ಅನ್ನಿಸಿದರೂ ಎದ್ದು ಹೋಗಲು ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಗಂಡನೂ ಬಿಟ್ಟರು. ಮನೆಯಲ್ಲಿ ಪ್ಯಾಕು, ಲೈಟರ್, ಆಶ್‌ಟ್ರೇ ಯಾವುದೂ ಇಲ್ಲ ಅಂದರೆ ಅರ್ಧ ಕೆಲಸ ಮುಗಿದಂತೆ. ನಿಮ್ಮ ಯಜಮಾನರ ಹತ್ತಿರ ಈ ಮಾತು ಆಡಿದ್ದೀರಾ? ಅವರು ಸೇದುತ್ತಲೇ ಇದ್ದು ನೀವು ಮಾತ್ರ ತಡೆದುಕೊಳ್ಳಬೇಕು ಅನ್ನುವುದು ನ್ಯಾಯ ಅಲ್ಲ.

ಅಪ್ಪ_ತುಮಕೂರು

ಈ ಚರ್ಚೆ ಓದಿ ಒಂದು ಅನುಮಾನ ಬಂತು. ನಮ್ಮ ಮನೆಯವರು ಸೇದುವುದಿಲ್ಲ, ನಾನು ಸೇದುತ್ತೇನೆ. ಈಗ ಅವರಿಗೆ ನಾಲ್ಕು ತಿಂಗಳು. ನಾನು ಮನೆಯೊಳಗೆ ಸೇದುವುದಿಲ್ಲ, ಬಾಗಿಲು ಹಾಕಿಕೊಂಡು ಹೊರಗೆ ನಿಂತು ಸೇದಿ, ಬಾಯಿ ತೊಳೆದು ಒಳಗೆ ಬರುತ್ತೇನೆ. ಸಾಕಾ ಇಷ್ಟು?

ಹೆರಿಗೆವಾರ್ಡ್_ಸಿಸ್ಟರ್

@ಅಪ್ಪ_ತುಮಕೂರು ಒಳಗೆ ಸೇದುವುದಕ್ಕಿಂತ ಹೊರಗೆ ಸೇದುವುದು ಒಳ್ಳೆಯದೇ. ಆದರೆ ಸಾಲದು. ಹೊಗೆ ಬಟ್ಟೆಗೆ, ಕೂದಲಿಗೆ, ಬೆರಳಿಗೆ ಅಂಟಿಕೊಂಡು ಒಳಗೆ ಬರುತ್ತದೆ. ಸಿಗರೇಟು ಆರಿದ ಮೇಲೂ ಸ್ವಲ್ಪ ಹೊತ್ತು ನಿಮ್ಮ ಉಸಿರಿನಲ್ಲಿ ಅದು ಇರುತ್ತದೆ. ಬೇರೆಯವರ ಹೊಗೆ ಕುಡಿದ ಬಸುರಿಯ ಮಗುವೂ ತೂಕ ಕಡಿಮೆ ಹುಟ್ಟುವ ಸಾಧ್ಯತೆ ಇದೆ. ಹುಟ್ಟಿದ ಮೇಲೆ ಅಪಾಯ ಇನ್ನೂ ಜಾಸ್ತಿ: ಕಿವಿ ಸೋಂಕು, ಉಬ್ಬಸ, ಎದೆ ಕಟ್ಟುವುದು. ಏನೂ ಕಾಯಿಲೆ ಇಲ್ಲದ ಹಸುಗೂಸು ನಿದ್ದೆಯಲ್ಲೇ ತೀರಿಕೊಳ್ಳುವ ಪ್ರಸಂಗಗಳು ಸೇದುವವರ ಮನೆಗಳಲ್ಲಿ ಹೆಚ್ಚು. ಅದಕ್ಕೇ ತಂದೆ ತಾಯಿಯಲ್ಲಿ ಯಾರೇ ಸೇದುತ್ತಿದ್ದರೂ ಮಗುವನ್ನು ಒಂದೇ ಹಾಸಿಗೆಯಲ್ಲಿ ಪಕ್ಕಕ್ಕೆ ಮಲಗಿಸಿಕೊಳ್ಳಬೇಡಿ. ಅದೇ ಕೋಣೆಯಲ್ಲಿ ತೊಟ್ಟಿಲಲ್ಲಿ ಮಲಗಿಸಿ. ಇನ್ನೂ ಐದು ತಿಂಗಳು ಸಮಯ ಇದೆ, ಈಗಲೇ ಬಿಡಲು ಶುರು ಮಾಡಿ. ನಿಮಗೆ ಗಮ್ ಬಳಸಲು ಅಡ್ಡಿಯಿಲ್ಲ.

ಮೊದಲಬಸುರಿ

ಇಲ್ಲಿ ಕೇಳಬಹುದಾ ಗೊತ್ತಿಲ್ಲ. ನನಗೆ ಈಗ 11 ವಾರ. ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದೇನೆ. ಒಮ್ಮೆಲೇ ಬಿಟ್ಟರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗುತ್ತೆ, ನಿಧಾನಕ್ಕೆ ಬಿಡಬೇಕು ಅಂತ ಗೆಳತಿ ಹೇಳಿದಳು. ನಿಜವಾ? ಅಷ್ಟು ದಿನ ಸೇದಿದ್ದಕ್ಕೆ ಮಗುವಿಗೆ ಏನಾದರೂ ಆಗಿಹೋಗಿದೆಯಾ ಅಂತ ಹೆದರಿಕೆ.

ಹೆರಿಗೆವಾರ್ಡ್_ಸಿಸ್ಟರ್

@ಮೊದಲಬಸುರಿ ಇಲ್ಲಿಯೇ ಕೇಳಬೇಕು, ಒಳ್ಳೆಯ ಹೊತ್ತಿಗೆ ಕೇಳಿದ್ದೀರಿ. ನಿಮ್ಮ ಗೆಳತಿ ಹೇಳಿದ್ದು ನಿಜವಲ್ಲ. ಒಮ್ಮೆಲೇ ಬಿಟ್ಟರೆ ಮಗುವಿಗೆ ಒಳ್ಳೆಯದೇ. ಸಿಗರೇಟಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದು ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ಆಮ್ಲಜನಕ ಕೂರಬೇಕಾದ ಜಾಗ ಹಿಡಿದುಬಿಡುತ್ತದೆ. ಹೀಗಾಗಿ ಮಗುವಿಗೆ ಹೋಗುವ ಆಮ್ಲಜನಕ ಕಡಿಮೆಯಾಗುತ್ತದೆ. ನಿಕೋಟಿನ್ ಬೇರೆ ಮಾಸಿನ (ಪ್ಲಾಸೆಂಟಾ) ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಸೇದುವುದು ನಿಲ್ಲಿಸಿದ ಒಂದೆರಡು ದಿನದಲ್ಲೇ ಆ ಕಾರ್ಬನ್ ಮೊನಾಕ್ಸೈಡ್ ರಕ್ತದಿಂದ ಹೊರಟುಹೋಗುತ್ತದೆ. ಇದರಲ್ಲಿ ಮಗುವಿಗೆ ತೊಂದರೆ ಎಲ್ಲಿಂದ ಬರಬೇಕು?

ಹೆದರಿಕೆ ಬಗ್ಗೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಚೊಚ್ಚಲ ಬಸುರಿಯರ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. 15 ವಾರದೊಳಗೆ ಬಿಟ್ಟವರಲ್ಲಿ, ದಿನ ತುಂಬುವ ಮೊದಲೇ ಹೆರಿಗೆಯಾಗುವುದು, ಮಗು ಸಣ್ಣದಾಗಿ ಹುಟ್ಟುವುದು, ಇವು ಸೇದದವರಲ್ಲಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು. ಆಮೇಲೂ ಮುಂದುವರಿಸಿದವರಲ್ಲಿ ಎರಡೂ ಜಾಸ್ತಿ ಇತ್ತು. ನೀವು 11ನೇ ವಾರದಲ್ಲಿದ್ದೀರಿ. ಇವತ್ತೇ ಬಿಡಿ. 15 ವಾರ ದಾಟಿದವರು ಇದನ್ನು ಓದುತ್ತಿದ್ದರೆ, ಇನ್ನು ಬಿಟ್ಟು ಪ್ರಯೋಜನ ಇಲ್ಲ ಅಂದುಕೊಳ್ಳಬೇಡಿ. ಕೊನೆಯ ತಿಂಗಳುಗಳಲ್ಲೇ ಮಗುವಿನ ತೂಕ ಹೆಚ್ಚಾಗಿ ಏರುವುದು.

ಬಸುರಿಯಲ್ಲಿ ಮೈ ನಿಕೋಟಿನ್ ಅನ್ನು ಮೊದಲಿಗಿಂತ ಬೇಗ ಕರಗಿಸಿ ಹೊರಗೆ ಹಾಕುತ್ತದೆ. ಹಾಗಾಗಿ ಕೆಲವರಿಗೆ ಆಸೆ ಬೇಗ ಬೇಗ ಬರುತ್ತದೆ. ನಿಮಗೆ ಬಿಡಲು ಕಷ್ಟವಾಗುತ್ತಿದ್ದರೆ ನಿಮ್ಮ ಮನಸ್ಸು ಕೆಟ್ಟದ್ದು ಅಂತ ಅರ್ಥ ಅಲ್ಲ. ಬರೀ ಮನಸ್ಸಿನಿಂದ ಆಗದಿದ್ದರೆ ಡಾಕ್ಟರಿಗೆ ಹೇಳಿ. ಬಸುರಿಯಲ್ಲಿ ಗಮ್ಮು, ಮಾತ್ರೆ ಯಾವುದನ್ನೂ ಅವರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಆಶಾ_ಹುಣಸೂರು

ಎಲ್ಲರೂ ಸಿಗರೇಟಿನ ಮಾತೇ ಆಡುತ್ತಿದ್ದೀರಿ. ನಾನು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ನಮ್ಮ ಕಡೆ ಬಸುರಿಯರು ಸಿಗರೇಟು ಸೇದುವುದನ್ನು ನಾನು ನೋಡಿಲ್ಲ. ಆದರೆ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವವರು, ಕಡ್ಡಿಪುಡಿ ಜಗಿಯುವವರು, ಹಲ್ಲಿಗೆ ನಶ್ಯ ಉಜ್ಜುವವರು ಬೇಕಾದಷ್ಟು ಇದ್ದಾರೆ. 2016-17ರ ತಂಬಾಕು ಸಮೀಕ್ಷೆಯಲ್ಲಿ, ನಮ್ಮ ದೇಶದ ವಯಸ್ಕ ಹೆಂಗಸರಲ್ಲಿ ಹೊಗೆ ಸೇದುವವರು 100ಕ್ಕೆ 2 ಜನ, ಹೊಗೆಯಿಲ್ಲದ ತಂಬಾಕು ಬಳಸುವವರು 100ಕ್ಕೆ ಸುಮಾರು 13 ಜನ ಅಂತ ಬಂದಿದೆ. ಅಂದರೆ ಆರು ಪಟ್ಟಿಗೂ ಜಾಸ್ತಿ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ, ಅವರೂ ಇಂಥ ಕಡೆ ಬಂದು ಪ್ರಶ್ನೆ ಕೇಳುವುದಿಲ್ಲ.

ತಾಯಿ ಕಾರ್ಡ್ ಮಾಡಿಸುವಾಗ "ಏನಾದರೂ ಚಟ ಇದೆಯಾ" ಅಂತ ಕೇಳಿದರೆ "ಇಲ್ಲಕ್ಕ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಚಟ ಅಂದರೆ ಬೀಡಿ, ಸಾರಾಯಿ ಅಂತ ಅವರ ಲೆಕ್ಕ. ಎಲೆಅಡಿಕೆ ಅಂದರೆ ಊಟದ ಭಾಗ. ಅದಕ್ಕೇ ನಾನು "ಎಲೆಗೆ ಏನೇನು ಹಾಕಿಕೊಳ್ಳುತ್ತೀಯವ್ವಾ" ಅಂತ ಕೇಳುತ್ತೇನೆ. ಆಗ ಎಲ್ಲಾ ಹೊರಗೆ ಬರುತ್ತದೆ. ಬಸುರಿಯಲ್ಲಿ ವಾಕರಿಕೆ ನಿಲ್ಲುತ್ತೆ ಅಂತ ಶುರು ಮಾಡಿದವರಿದ್ದಾರೆ, ಹಲ್ಲುನೋವಿಗೆ ಅಂತ ಶುರು ಮಾಡಿದವರಿದ್ದಾರೆ. ಕೂಲಿಗೆ ಹೋದಾಗ ಹಸಿವು ಗೊತ್ತಾಗಬಾರದು ಅಂತ ಜಗಿಯುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಬಸುರಿಗೆ ಊಟ ಬೇಕಾದ ಹೊತ್ತಿನಲ್ಲಿ ಹಸಿವನ್ನೇ ಕೊಲ್ಲುವುದು ಅದು. ಬಾಣಂತಿಗೆ ಊಟವಾದ ಮೇಲೆ ಎಲೆಅಡಿಕೆ ಕೊಡುವ ರೂಢಿ ಇದೆಯಲ್ಲ, ಮೊದಲಿನ ಅಭ್ಯಾಸ ಇದ್ದವರಿಗೆ ಅದರ ಜೊತೆಯಲ್ಲೇ ಹೊಗೆಸೊಪ್ಪು ಮರಳಿ ಬರುತ್ತದೆ. ಹೊಸತಾಯಿಯವರಿಗೆ ಬಾಲ್ಕನಿ ಹೇಗೋ ಇವರಿಗೆ ಎಲೆತಟ್ಟೆ ಹಾಗೆ.

ಜಗಿದರೆ ಹೊಗೆ ಇಲ್ಲವಲ್ಲ, ಮಗುವಿಗೆ ಏನಾಗುತ್ತೆ ಅಂತ ಕೇಳುತ್ತಾರೆ. ಮುಂಬೈಯಲ್ಲಿ 1217 ಹೆಂಗಸರನ್ನು ಬಸುರಿಯಿಂದ ಹೆರಿಗೆಯವರೆಗೆ ನೋಡಿ ಮಾಡಿದ ಅಧ್ಯಯನ 2004ರಲ್ಲಿ ಬಂದಿದೆ. ತಂಬಾಕು ಜಗಿಯುವವರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆ ಇತ್ತು, ಹೆರಿಗೆಯೂ ಸರಾಸರಿ ಆರು ದಿನ ಮೊದಲೇ ಆಗಿತ್ತು. ತಾಯಿಗೆ ಮೊದಲೇ ರಕ್ತಹೀನತೆ ಇದ್ದು, ಎರಡೂವರೆ ಕೆಜಿ ದಾಟುತ್ತಾ ಇಲ್ವಾ ಅನ್ನುವಂಥ ಮಗುವಿಗೆ ಆ 105 ಗ್ರಾಂ ದೊಡ್ಡದು.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಇನ್ನೊಂದು ಇದೆ. ಹೊಗೆಸೊಪ್ಪಿನ ಬೇಸಾಯ. ಹಸಿ ಎಲೆ ಮುರಿಯುವಾಗ, ಪೋಣಿಸುವಾಗ ಕೈ ಮೈಗೆ ತೇವ ತಾಗಿದರೆ ಚರ್ಮದ ಮೂಲಕವೇ ನಿಕೋಟಿನ್ ಒಳಗೆ ಹೋಗುತ್ತದೆ. ವಾಂತಿ, ತಲೆಸುತ್ತು, ಸುಸ್ತು. ಬಸುರಿಗೆ ಇದಾದರೆ ಬಸುರಿಯ ವಾಂತಿ ಅಂದುಕೊಂಡು ಬಿಡುತ್ತಾರೆ. ಬಸುರಿಯರನ್ನು ಎಲೆ ಕೆಲಸಕ್ಕೆ, ಕಾವಿನಲ್ಲಿ ಎಲೆ ಒಣಗಿಸುವ ಬ್ಯಾರನ್ ಹತ್ತಿರದ ಕೆಲಸಕ್ಕೆ ಕಳಿಸಬೇಡಿ ಅಂತ ಮನೆ ಮನೆಗೆ ಹೋಗಿ ಹೇಳುತ್ತೇನೆ. ಸೀಸನ್ನಿನಲ್ಲಿ ಕೂಲಿ ಬಿಟ್ಟು ಕೂರಲು ಎಷ್ಟು ಜನರಿಗೆ ಆಗುತ್ತದೆ ಹೇಳಿ? ದಕ್ಷಿಣ ಕನ್ನಡದಲ್ಲಿ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರದ್ದೂ ಇದೇ ಪಾಡು. ಅವರು ಒಂದು ಬೀಡಿಯನ್ನೂ ಸೇದಿರುವುದಿಲ್ಲ, ಆದರೆ ದಿನವಿಡೀ ಮಡಿಲಲ್ಲಿ ತಂಬಾಕಿನ ಪುಡಿ ಇಟ್ಟುಕೊಂಡು ಕೂತಿರುತ್ತಾರೆ, ಪಕ್ಕದಲ್ಲೇ ಮಗು ಮಲಗಿರುತ್ತದೆ.

ಹೊಸತಾಯಿ_ಬೆಂಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಶಾ ಅಕ್ಕ, ನಿಮ್ಮ ಮಾತು ಓದಿ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯಲು ಬರುವ ಹುಡುಗಿ ನೆನಪಾದಳು, ಅವಳು ಈಗ ತುಂಬು ಬಸುರಿ, ಕೆನ್ನೆಯಲ್ಲಿ ಯಾವಾಗಲೂ ಏನೋ ಇರುತ್ತದೆ. ಕೇಳುತ್ತೇನೆ.

ಗಂಡನ ಹತ್ತಿರ ಮಾತಾಡಿದೆ. ಎರಡುಮಕ್ಕಳ ಅಮ್ಮ ಬರೆದಿದ್ದನ್ನು ಹಾಗೆಯೇ ಓದಲು ಕೊಟ್ಟೆ. ಬಿಡುತ್ತೇನೆ ಅಂದಿದ್ದಾರೆ, ಬಾಲ್ಕನಿಯಲ್ಲಿದ್ದ ಕುರ್ಚಿ ಒಳಗೆ ಬಂದಿದೆ. ಸಿಸ್ಟರ್, ನೀವು ಕೇಳಿದ ಪ್ರಶ್ನೆಗೆ ಉತ್ತರ: ಅಳು ಬರುತ್ತದೆ, ಸ್ವಲ್ಪ ಜಾಸ್ತಿಯೇ. ಅದನ್ನೂ ಇದನ್ನೂ ನಾನು ಒಟ್ಟಿಗೆ ಯೋಚಿಸಿರಲಿಲ್ಲ. ಮುಂದಿನ ವಾರ ಮಗುವಿನ ಲಸಿಕೆ ಇದೆ, ಆಗ ಡಾಕ್ಟರ ಹತ್ತಿರ ಎರಡೂ ಹೇಳಬೇಕು ಅಂತಿದ್ದೇನೆ. ಅತ್ತೆ ಜೊತೆಗೆ ಬರುತ್ತಾರೆ, ಅದೊಂದೇ ಕಷ್ಟ. ಗಂಡನಿಗೆ ಸಿಗರೇಟು ಬಿಡಲು ಗಮ್ ಹೇಗೆ ಬಳಸಬೇಕು ಅಂತಲೂ ಹೇಳಿ. ಆಫೀಸಿನಲ್ಲಿ ಕೆಲವರು ವೇಪ್ (ಇ-ಸಿಗರೇಟು) ಒಳ್ಳೆಯದು ಅನ್ನುತ್ತಾರೆ, ಅದು ಹೇಗೆ?

ಹೆರಿಗೆವಾರ್ಡ್_ಸಿಸ್ಟರ್

ತುಂಬಾ ಸಂತೋಷ ಆಯಿತಮ್ಮ. ಅತ್ತೆ ವಿಷಯಕ್ಕೆ ದಾರಿ ಇದೆ. ರಿಜಿಸ್ಟರಿನಲ್ಲಿ ಹೆಸರು ಬರೆಸುವಾಗಲೇ ಅಲ್ಲಿನ ಸಿಸ್ಟರಿಗೆ "ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು" ಅಂತ ಮೆಲ್ಲಗೆ ಹೇಳಿ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಹೊರಗೆ ಕೂರಿಸಿ, ನಿಮ್ಮನ್ನು ಪರೀಕ್ಷೆ ಮಾಡಬೇಕು ಅಂತ ಒಳಗೆ ಕರೆಯುತ್ತಾರೆ. ನಾವು ಇದನ್ನು ಮಾಡುತ್ತಲೇ ಇರುತ್ತೇವೆ. ಮಕ್ಕಳ ಡಾಕ್ಟರಾದರೆ ಅವರೇ ಯಾರನ್ನು ನೋಡಬೇಕು ಅಂತ ಹೇಳುತ್ತಾರೆ. ಅಳು ದಿನವೂ ಇದ್ದು ಎರಡು ವಾರ ದಾಟಿದ್ದರೆ ಮುಂದಿನ ವಾರದವರೆಗೆ ಕಾಯಬೇಡಿ, ಈಗಲೇ ಹೋಗಿ. ನೀವು ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್‌ನಲ್ಲಿ ಬಾಣಂತಿಯರಿಗೆ ಅಂತಲೇ ಬೇರೆ ವಿಭಾಗ ಇದೆ, ತಾಯಿ ಮಗುವನ್ನು ಒಟ್ಟಿಗೆ ಇಟ್ಟುಕೊಂಡು ನೋಡುತ್ತಾರೆ.

ವೇಪ್ ಬೇಡ. ಅದರಲ್ಲೂ ನಿಕೋಟಿನ್ ಇರುತ್ತದೆ, ಹಾಲಿಗೂ ಬರುತ್ತದೆ. ನಮ್ಮ ದೇಶದಲ್ಲಿ 2019ರಿಂದ ಅದರ ಮಾರಾಟಕ್ಕೇ ನಿಷೇಧ ಇದೆ, ಕಳ್ಳದಾರಿಯಲ್ಲಿ ಬರುವುದರಲ್ಲಿ ಏನು ತುಂಬಿದ್ದಾರೋ ಯಾರಿಗೆ ಗೊತ್ತು.

ಗಮ್ಮನ್ನು ಚೂಯಿಂಗ್ ಗಮ್ ಥರ ಒಂದೇ ಸಮನೆ ಜಗಿಯುವುದಲ್ಲ. ನಿಧಾನಕ್ಕೆ ಜಗಿದು, ಬಾಯಲ್ಲಿ ಖಾರ ಅಥವಾ ಚುಮುಚುಮು ಅನ್ನಿಸಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಂಡು ಬಿಡಬೇಕು. ಆ ಚುಮುಚುಮು ಹೋದ ಮೇಲೆ ಮತ್ತೆ ಜಗಿಯಬೇಕು. ಸುಮಾರು ಅರ್ಧ ಗಂಟೆ ಬರುತ್ತದೆ. ಜಗಿಯುವ ಕಾಲು ಗಂಟೆ ಮೊದಲಿನಿಂದ ಕಾಫಿ, ಕೋಲಾ ಕುಡಿಯಬಾರದು, ಕುಡಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎಷ್ಟು ಶಕ್ತಿಯದ್ದು ಬೇಕು ಅನ್ನುವುದು ದಿನಕ್ಕೆ ಎಷ್ಟು ಸೇದುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಸಿಗರೇಟು ಪ್ಯಾಕಿನ ಮೇಲೆಯೇ 1800-11-2356 ಅಂತ ತಂಬಾಕು ಬಿಡಲು ಸಹಾಯ ಮಾಡುವ ಒಂದು ನಂಬರ್ ಇರುತ್ತದೆ, ಕಾಸಿಲ್ಲದ ಕರೆ. 2018ರಿಂದ ನಿಮ್ಹಾನ್ಸ್‌ನವರು ಅದರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ಯಜಮಾನರು ಕರೆ ಮಾಡಲಿ, ನೀವೂ ಮಾಡಿ. ಸೇದದವರು ಮಾಡಬಾರದು ಅಂತೇನಿಲ್ಲ, ಮತ್ತೆ ಶುರುವಾಗುತ್ತೇನೋ ಅನ್ನುವ ಭಯಕ್ಕೂ ಅವರ ಹತ್ತಿರ ಸಲಹೆ ಇರುತ್ತದೆ. ಆಫೀಸಿಗೆ ಹೋಗುವ ವಾರದ ಮೊದಲೇ ಒಂದು ಸಲ ಮಾತಾಡಿಬಿಡಿ.